ಭಾವಚಿತ್ರ ಸ್ಪರ್ಧೆ ನಡೆಸುವುದು: ನಿಯಮ ಬರೆಯುವುದರಿಂದ ಚಿತ್ರ ಮರಳಿಸುವವರೆಗೆ

ಧಾರವಾಡದ ಸಭಾಭವನಗಳ ಗೋಡೆಗಳ ಮೇಲೆ ಬೇಂದ್ರೆಯವರಿದ್ದಾರೆ, ಮಲ್ಲಿಕಾರ್ಜುನ ಮನಸೂರರಿದ್ದಾರೆ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್, ಗದಗಿನಲ್ಲಿ ಪುಟ್ಟರಾಜ ಗವಾಯಿಗಳು. ಈ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಮೂಲ ಎಲ್ಲರೂ ನೋಡಿರುವ ಅವೇ ನಾಲ್ಕಾರು ಫೋಟೋಗಳು. ಹಿರಿಯರ ನೆನಪಿಗೆ ಇಂಥ ಚಿತ್ರ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ನೀವು ವಾರ್ಷಿಕ ಭಾವಚಿತ್ರ ಸ್ಪರ್ಧೆ ಶುರುಮಾಡಿ ನಿಯಮವನ್ನು ಸಡಿಲ ಬಿಟ್ಟರೆ ಬಾಗಿಲಿಗೆ ಬರುವುದು ಅವೇ ಫೋಟೋಗಳ ನಕಲು. ಒಳ್ಳೆಯ ನಕಲನ್ನೂ, ಎದುರು ಕೂತ ಮನುಷ್ಯನನ್ನು ದಿನಗಟ್ಟಲೆ ನೋಡಿ ಬರೆದ ಮುಖವನ್ನೂ ಒಂದೇ ಸಾಲಿನಲ್ಲಿಟ್ಟು ತೂಗಲು ಯಾವ ತೀರ್ಪುಗಾರನಿಗೂ ಆಗುವುದಿಲ್ಲ.

ಆದ್ದರಿಂದ ಸ್ಪರ್ಧೆಯ ಬುಡ ಒಂದೇ ಸಾಲು: ಚಿತ್ರದಲ್ಲಿರುವವರು ಬದುಕಿರುವ ವ್ಯಕ್ತಿಯಾಗಿರಬೇಕು, ಅವರು ಕಲಾವಿದರ ಎದುರು ಕೂತಿರಬೇಕು. ಈ ಸಾಲು ಗಟ್ಟಿಯಾಗಿದ್ದರೆ ಚಿತ್ರಕಾರರು ಕಪಾಟಿನ ಫೋಟೋ ಬಿಟ್ಟು ಸುತ್ತಲಿನವರ ಕಡೆ ತಿರುಗುತ್ತಾರೆ. ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುವ ಹೆಣ್ಣುಮಗಳು, ಬೆಟಗೇರಿಯ ನೇಕಾರ, ಗದಗಿನ ಮುದ್ರಣಾಲಯದ ಹಳೆಯ ಕೆಲಸಗಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಜ್ಜಿ ಗೋಡೆಗೆ ಬರುವುದು ಆಗಲೇ.

ನಿಯಮ ಮೊದಲು, ಪೋಸ್ಟರ್ ಆಮೇಲೆ

ಆಸ್ಟ್ರೇಲಿಯಾದ ಸಿಡ್ನಿಯ ಕಲಾ ಗ್ಯಾಲರಿಯಲ್ಲಿ 1921ರಿಂದ ನಡೆಯುತ್ತಿರುವ ಭಾವಚಿತ್ರ ಸ್ಪರ್ಧೆಯಾದ ಆರ್ಚಿಬಾಲ್ಡ್ ಬಹುಮಾನದ ಇತಿಹಾಸವನ್ನು ಸಮಿತಿಯವರೆಲ್ಲ ಒಮ್ಮೆ ಓದಿಕೊಂಡರೆ ಒಳ್ಳೆಯದು. 1943ರ ಬಹುಮಾನ ವಿಲಿಯಂ ಡೊಬೆಲ್‌ಗೆ ಹೋದಾಗ, ಅದು ಭಾವಚಿತ್ರವೇ ಅಲ್ಲ, ವ್ಯಂಗ್ಯಚಿತ್ರ ಎಂದು ಉಳಿದ ಸ್ಪರ್ಧಿಗಳಲ್ಲಿ ಇಬ್ಬರು ಕೋರ್ಟಿಗೆ ಹೋದರು; ಡೊಬೆಲ್ ಗೆದ್ದರು. 1975ರಲ್ಲಿ ಜಾನ್ ಬ್ಲೂಮ್‌ಫೀಲ್ಡ್ ಗೆದ್ದ ಚಿತ್ರ ಫೋಟೋ ನೋಡಿ ಬರೆದದ್ದೆಂದು ಗೊತ್ತಾಗಿ ಬಹುಮಾನವನ್ನೇ ವಾಪಸ್ ಪಡೆದರು. ಅಷ್ಟು ದೊಡ್ಡ ಗ್ಯಾಲರಿಯೂ ಜಗಳವಾಡಿದ್ದು ಎರಡೇ ಪ್ರಶ್ನೆಗಳ ಮೇಲೆ: ಭಾವಚಿತ್ರ ಎಂದರೆ ಯಾವುದು, ಎದುರು ಕೂರಿಸಿ ಬರೆದದ್ದು ಎಂದರೆ ಏನು. ನಿಮ್ಮ ನಿಯಮದಲ್ಲಿ ಎರಡಕ್ಕೂ ಉತ್ತರ ಇರಲಿ.

ಕೂರುವಿಕೆ: ಕನಿಷ್ಠ 3 ಬಾರಿ, ಪ್ರತಿ ಬಾರಿ ಸುಮಾರು ಒಂದು ಗಂಟೆ. ಪುರಾವೆಯಾಗಿ ಮೂರು ಕೇಳಿ: ಕೂತವರೂ ಅರ್ಧ ಮುಗಿದ ಚಿತ್ರವೂ ಒಟ್ಟಿಗೆ ಕಾಣುವ 2 ಫೋಟೋ, ಒಂದು ಪೆನ್ಸಿಲ್ ಅಭ್ಯಾಸಚಿತ್ರ, ಕೂತವರ ಸಹಿಯಿರುವ ಒಪ್ಪಿಗೆ ಪತ್ರ. 18 ವರ್ಷದೊಳಗಿನವರಾದರೆ ತಂದೆ ಅಥವಾ ತಾಯಿಯ ಸಹಿ. ಒಪ್ಪಿಗೆ ಪತ್ರದಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇರಬೇಕು: ಚಿತ್ರ ಪ್ರದರ್ಶಿಸಬಹುದೇ, ಹೆಸರು ಹಾಕಬಹುದೇ. ಮುಖ ತೋರಿಸಲು ಒಪ್ಪಿದವರೆಲ್ಲ ಹೆಸರು ಹಾಕಲು ಒಪ್ಪುವುದಿಲ್ಲ.

ಅಳತೆ: ಚೌಕಟ್ಟು ಬಿಟ್ಟು ಕನಿಷ್ಠ 18×24 ಇಂಚು, ಚೌಕಟ್ಟು ಸೇರಿ ಗರಿಷ್ಠ 36×48. ತೂಕ 10 ಕಿಲೋ ಮೀರಬಾರದು. ರೋಣ, ಮುಂಡರಗಿ, ರಾಣೆಬೆನ್ನೂರಿನಿಂದ ಬರುವವರು ಬಸ್ಸಿನಲ್ಲೋ ಟಂಟಂನಲ್ಲೋ ತರುತ್ತಾರೆ. ಇದಕ್ಕಿಂತ ದೊಡ್ಡದಾದರೆ ಬಾಡಿಗೆ ಗಾಡಿಯೇ ಬೇಕು, ಆಗ ದುಡ್ಡಿದ್ದವರಿಗಷ್ಟೇ ಸ್ಪರ್ಧೆ. ಗಾಜು ಬೇಡ. ಜಲವರ್ಣ, ಪ್ಯಾಸ್ಟೆಲ್ ಚಿತ್ರಗಳಿಗೆ 2 ಅಥವಾ 3 ಮಿಲಿಮೀಟರಿನ ಅಕ್ರಿಲಿಕ್ ಹಾಳೆ ಹಾಕಿಸಲು ಹೇಳಿ. ದಾರಿಯಲ್ಲಿ ಗಾಜು ಒಡೆದರೆ ಚೂರು ನೇರವಾಗಿ ಕಾಗದವನ್ನೇ ಸೀಳುತ್ತದೆ.

ಮಾಧ್ಯಮದ ವಿಚಾರದಲ್ಲಿ "ಎಲ್ಲ ಮಾಧ್ಯಮ" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಇದ್ದಿಲು ಚಿತ್ರ ಸೇರಿದೆಯೇ, ಕೊಲಾಜ್ ಸೇರಿದೆಯೇ ಎಂದು ಬಿಡಿಸಿ ಹೇಳಿ. ಕ್ಯಾನ್ವಾಸ್ ಮೇಲಿನ ಪ್ರಿಂಟು, ಪ್ರಿಂಟಿನ ಮೇಲೆ ಬಣ್ಣ ಹಚ್ಚಿದ್ದು ಬೇಡ ಎಂದೂ ಬರೆಯಿರಿ.

ಹಕ್ಕುಸ್ವಾಮ್ಯದ ಒಂದು ಮಾತನ್ನು ಬಹಳ ಸಮಿತಿಗಳು ಮರೆಯುತ್ತವೆ. 1957ರ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರೋ ಹಣ ಕೊಟ್ಟು ತಮಗಾಗಿ ಬರೆಸಿಕೊಂಡ ಭಾವಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ. ಹಾಗಾಗಿ ಅಂಥ ಚಿತ್ರ ಸ್ಪರ್ಧೆಗೆ ಬಂದರೆ ಬರೆಸಿದವರ ಒಪ್ಪಿಗೆಯೂ ಬೇಕು. ಬಹುಮಾನ ಪಡೆದ ಚಿತ್ರ ಸಂಸ್ಥೆಯಲ್ಲೇ ಉಳಿಯುತ್ತದೆ ಎನ್ನುವ ಉದ್ದೇಶವಿದ್ದರೆ ಪ್ರಕಟಣೆಯಲ್ಲೇ ದಪ್ಪ ಅಕ್ಷರದಲ್ಲಿ ಹೇಳಿ. ವೇದಿಕೆಯ ಮೇಲೆ ಶಾಲು ಹೊದಿಸಿದ ಮೇಲೆ ಹೇಳುವುದು ಅನ್ಯಾಯ.

ತಿಂಗಳು ಆರಿಸುವುದು

ಇಲ್ಲಿನ ಮಳೆ ತೈಲವರ್ಣಕ್ಕೆ ಒಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಗಾಳಿಯಲ್ಲಿ ತೇವ ತುಂಬಿರುತ್ತದೆ, ಕ್ಯಾನ್ವಾಸ್ ಜೋಲುತ್ತದೆ, ಮುಚ್ಚಿದ ಕೋಣೆಯಲ್ಲಿ ಹಿಂಬದಿಗೆ ಬೂಸ್ಟು ಹಿಡಿಯುತ್ತದೆ. ಜುಲೈನಲ್ಲಿ ಪ್ರಕಟಣೆ, ಅಕ್ಟೋಬರ್ ಕೊನೆಗೆ ಮೊಬೈಲ್ ಫೋಟೋಗಳ ಮೂಲಕ ಮೊದಲ ಸುತ್ತು, ಡಿಸೆಂಬರ್ ಮೊದಲ ವಾರ ಮೂಲ ಚಿತ್ರಗಳ ಸ್ವೀಕಾರ, ತಿಂಗಳ ಮಧ್ಯದಲ್ಲಿ 8ರಿಂದ 10 ದಿನ ಪ್ರದರ್ಶನ: ಈ ಲೆಕ್ಕ ಇಲ್ಲಿಗೆ ಹೊಂದುತ್ತದೆ. ಜನವರಿ ದಾಟಿದರೆ ಶಾಲಾ ಮಕ್ಕಳು ಪರೀಕ್ಷೆಯ ಗುಂಗಿನಲ್ಲಿರುತ್ತಾರೆ. ಏಪ್ರಿಲ್‌ನ ಬಿಸಿಲಿಗೆ ಅಕ್ರಿಲಿಕ್ ಬಣ್ಣ ಮೆತ್ತಗಾಗಿ ಸುತ್ತಿದ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ.

ಸ್ಪರ್ಧಿಗಳಿಗೆ ಒಣಗುವ ಲೆಕ್ಕವನ್ನೂ ತಿಳಿಸಿ. ಅಂಬರ್ ಎಂಬ ಕಂದು ಬಣ್ಣ ಬೇಗ ಒಣಗುತ್ತದೆ. ಟೈಟೇನಿಯಂ ಬಿಳಿ, ಐವರಿ ಕಪ್ಪು, ಅಲಿಜರಿನ್ ಕೆಂಪು ತಡ. ಕಪ್ಪು ಕೂದಲು, ಬಿಳಿ ಅಂಗಿ ಇರುವ ಭಾವಚಿತ್ರದಲ್ಲಿ ಮುಖ ಒಣಗಿದ ಮೇಲೂ ಕೂದಲು ಕೈಗೆ ಹತ್ತುವುದು ಇದಕ್ಕೇ. ಸ್ವೀಕಾರಕ್ಕೆ 3 ವಾರ ಮೊದಲೇ ಕುಂಚ ಇಳಿಸಬೇಕು. ಹೊಳಪು ಬರಲೆಂದು ಕೊನೆಯ ರಾತ್ರಿ ವಾರ್ನಿಷ್ ಹಚ್ಚುವುದಂತೂ ಬೇಡವೇ ಬೇಡ. ತೈಲವರ್ಣಕ್ಕೆ ಪೂರ್ತಿ ವಾರ್ನಿಷ್ ಹಚ್ಚಲು 6 ತಿಂಗಳಾದರೂ ಕಾಯಬೇಕು. ಗದಗಿನ ಕಡೆಯ ಗಾಳಿಗೆ ಎದ್ದ ಎರೆಮಣ್ಣಿನ ಧೂಳು ಹಸಿ ವಾರ್ನಿಷ್ ಮೇಲೆ ಕೂತರೆ ಒರೆಸಿ ತೆಗೆಯಲು ಬರುವುದಿಲ್ಲ.

ಮೊದಲ ಸುತ್ತು: ಮೊಬೈಲ್ ಫೋಟೋ

ಎಲ್ಲರಿಂದಲೂ ಮೂಲ ಚಿತ್ರ ತರಿಸಿ ಅರ್ಧದಷ್ಟನ್ನು ವಾಪಸ್ ಕಳಿಸುವುದು ಬಡ ಕಲಾವಿದರಿಗೆ ಹೊರೆ. ಫೋಟೋ ತರಿಸಿ, ಆದರೆ ತೆಗೆಯುವ ರೀತಿ ಹೇಳಿಕೊಡಿ. ಚೌಕಟ್ಟು, ಅಕ್ರಿಲಿಕ್ ಹಾಳೆ ತೆಗೆದು, ಹಗಲು 11ರ ಹೊತ್ತಿಗೆ ನೆರಳಿರುವ ಪಡಸಾಲೆಯಲ್ಲಿ ಚಿತ್ರವನ್ನು ನೆಟ್ಟಗೆ ನಿಲ್ಲಿಸಿ, ಮೊಬೈಲನ್ನು ಚಿತ್ರದ ನಡುಮಟ್ಟಕ್ಕೆ ಸಮಾನಾಂತರ ಹಿಡಿಯಬೇಕು. ಫ್ಲ್ಯಾಶ್ ಬೇಡ. ಚಿತ್ರದ ಪಕ್ಕ ಒಂದು ಬಿಳಿ ಹಾಳೆಯ ತುಂಡು ಕಾಣುವಂತಿದ್ದರೆ ಬಣ್ಣ ಹಳದಿಗೆ ತಿರುಗಿದೆಯೇ ಎಂದು ತೀರ್ಪುಗಾರರಿಗೆ ತಿಳಿಯುತ್ತದೆ. ವಾಟ್ಸಾಪ್‌ನಲ್ಲಾದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಇಲ್ಲವಾದರೆ ಚರ್ಮದ ಸೂಕ್ಷ್ಮ ಛಾಯೆಗಳೆಲ್ಲ ಹಿಂಡಿ ಹೋಗುತ್ತವೆ. ಪೂರ್ಣ ಚಿತ್ರ ಒಂದು, ಕಣ್ಣು ಮೂಗಿನ ಭಾಗ ಹತ್ತಿರದಿಂದ ಒಂದು, ಹಿಂಬದಿ ಒಂದು, ಒಟ್ಟು ಮೂರು ಸಾಕು.

ಫೋಟೋದಿಂದ ಇಳಿಸಿದ್ದನ್ನು ಗುರುತಿಸುವುದು

ಮುಖಕ್ಕೆ ಒಂದೂವರೆ ಅಡಿ ದೂರದಿಂದ ಮೊಬೈಲ್ ಹಿಡಿದು ತೆಗೆದ ಫೋಟೋದಲ್ಲಿ ಮೂಗು ದೊಡ್ಡದಾಗುತ್ತದೆ, ಕೆನ್ನೆ ಹಿಂದೆ ಸರಿಯುತ್ತದೆ, ಕಿವಿಗಳು ಅಡಗುತ್ತವೆ. ಚಿತ್ರಕಾರ ಕೂರುವುದು ಐದಾರು ಅಡಿ ದೂರದಲ್ಲಿ. ಆ ದೂರದಿಂದ ಕಿವಿ ಕಾಣುತ್ತದೆ, ಮುಖದ ಅಗಲ ನಿಜವಾದ ಅಗಲಕ್ಕೆ ಬರುತ್ತದೆ. ಇದೇ ಮೊದಲ ಸುಳಿವು.

ಎರಡನೆಯದು ನೆರಳು. ಫೋಟೋದ ನೆರಳು ಕಪ್ಪಾಗಿ ಮುಚ್ಚಿರುತ್ತದೆ. ಎದುರು ಕೂತವರನ್ನು ನೋಡಿ ಬರೆದವನ ನೆರಳಿನೊಳಗೆ ಬಣ್ಣ ಇರುತ್ತದೆ: ದವಡೆಯ ಕೆಳಗೆ ಇಳಕಲ್ ಸೀರೆಯ ಕೆಂಪು ಪ್ರತಿಫಲಿಸಿರುತ್ತದೆ, ಕಣ್ಣಿನ ಗುಳಿಯಲ್ಲಿ ತಣ್ಣನೆಯ ನೀಲಿ ಇರುತ್ತದೆ. ಮೂರನೆಯದು ಕಣ್ಣಿನ ಹೊಳಪು. ಕಿಟಕಿಯ ಬೆಳಕಾದರೆ ಎರಡೂ ಕಣ್ಣಿನಲ್ಲಿ ಒಂದೇ ಕಡೆ ಚೌಕನೆಯ ಹೊಳಪು. ಫ್ಲ್ಯಾಶ್ ಆದರೆ ಪಾಪೆಯ ನಟ್ಟನಡುವೆ ಚುಕ್ಕೆ. ಇವು ಸುಳಿವುಗಳೇ ಹೊರತು ತೀರ್ಪಲ್ಲ. ಅನುಮಾನ ಬಂದರೆ ಪುರಾವೆಯ ಫೋಟೋ ಮತ್ತು ಅಭ್ಯಾಸಚಿತ್ರ ತೆರೆದು ನೋಡಿ, ಕಲಾವಿದರನ್ನು ಕರೆದು ಮಾತಾಡಿ, ಆಮೇಲೆ ನಿರ್ಧರಿಸಿ.

ಪ್ರಿಂಟಿನ ಮೇಲೆ ಬಣ್ಣ ಹಚ್ಚಿದ್ದನ್ನು ಹಿಡಿಯುವುದು ಸುಲಭ. ಟಾರ್ಚನ್ನು ಚಿತ್ರದ ಒಂದು ಪಕ್ಕದಿಂದ ಮೇಲ್ಮೈಗೆ ತಾಗುವಂತೆ ಓರೆಯಾಗಿ ಹಿಡಿಯಿರಿ. ಕುಂಚದ ಏರಿಳಿತ ಮುಖದ ಗೆರೆಗಳೊಂದಿಗೆ ಸಾಗದೆ, ಮೇಲೆ ಸುಮ್ಮನೆ ಸಾರಿಸಿದಂತೆ ಕಂಡರೆ 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಬಣ್ಣ ತೆಳುವಾಗಿರುವ ಜಾಗ ನೋಡಿ. ಪ್ರಿಂಟಾದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು ಕಾಣುತ್ತವೆ.

ಸ್ವೀಕಾರದ ಮೇಜು

ಮುಂದೆ ಏಳುವ ತಂಟೆಗಳಲ್ಲಿ ಹೆಚ್ಚಿನವು ಈ ಮೇಜಿನ ಮೇಲೆ ಹುಟ್ಟುತ್ತವೆ. ಮೂರು ಪ್ರತಿಯ ಪಾವತಿ (ರಸೀದಿ) ಪುಸ್ತಕ ಮಾಡಿಸಿ: ಒಂದು ಕಲಾವಿದರಿಗೆ, ಒಂದು ಚಿತ್ರದ ಜೊತೆ, ಒಂದು ಕಡತಕ್ಕೆ. ಚಿತ್ರ ಬಿಚ್ಚಿದ ಕೂಡಲೇ ಕಲಾವಿದರ ಎದುರಿಗೇ ನಾಲ್ಕು ಮೂಲೆ, ಮೇಲ್ಮೈ, ಹಿಂಬದಿ ನೋಡಿ, ಗೀರು, ಕುಳಿ, ಬಿರುಕು ಇದ್ದರೆ ಪಾವತಿಯಲ್ಲಿ ಬರೆದು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. "ಬಲಗಡೆ ಕೆಳಮೂಲೆ, ಚೌಕಟ್ಟು 1 ಇಂಚು ಕಿತ್ತಿದೆ" ಎಂದು ಅಳತೆ ಸಮೇತ ಬರೆಯಿರಿ.

ಕ್ರಮಸಂಖ್ಯೆಯನ್ನು ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲ್‌ನಿಂದ ಬರೆಯಬೇಕು. ಕ್ಯಾನ್ವಾಸಿನ ಹಿಂಬದಿಗೆ ಮಾರ್ಕರ್ ಹಿಡಿದರೆ ಶಾಯಿ ಕಾಲಾಂತರದಲ್ಲಿ ಮುಂದಕ್ಕೆ ಇಳಿಯುತ್ತದೆ, ಬಾಲ್‌ಪೆನ್ ಒತ್ತಿದರೆ ಅಕ್ಷರದ ಉಬ್ಬು ಮುಖದ ಮೇಲೆ ಮೂಡುತ್ತದೆ. ಬಬಲ್ ಸುತ್ತನ್ನು ನೇರವಾಗಿ ಬಣ್ಣಕ್ಕೆ ತಾಗಿಸಬೇಡಿ. ಪೂರ್ತಿ ಒಣಗದ ತೈಲವರ್ಣದ ಕೆನ್ನೆಯ ಮೇಲೆ ಸಾಲುಸಾಲು ಉಂಗುರ ಬೀಳುತ್ತದೆ. ಮೊದಲು ಬಟರ್ ಪೇಪರ್, ಅದರ ಮೇಲೆ ರಟ್ಟು, ಹೊರಗೆ ಬಬಲ್, ಗುಳ್ಳೆ ಹೊರಮುಖವಾಗಿ.

ಇಡುವಾಗ ನೆಲಕ್ಕೆ ತಾಗದಂತೆ 4 ಇಂಚು ಎತ್ತರದ ಹಲಗೆ ಹಾಕಿ, ಚಿತ್ರಗಳನ್ನು ನೆಟ್ಟಗೆ, ಮುಖಕ್ಕೆ ಮುಖ ಬೆನ್ನಿಗೆ ಬೆನ್ನು ಮಾಡಿ, ನಡುವೆ ಚಿತ್ರಕ್ಕಿಂತ ದೊಡ್ಡ ರಟ್ಟು ಇಡಿ. ಸಣ್ಣ ಚೌಕಟ್ಟಿನ ಮೂಲೆ ದೊಡ್ಡ ಕ್ಯಾನ್ವಾಸಿಗೆ ಒತ್ತಿದರೆ ಕುಳಿ ಬೀಳುತ್ತದೆ. ಹಾಗೇನಾದರೂ ಆದರೆ ಸ್ವಯಂಸೇವಕರು ನೀರು ಹಚ್ಚುವುದು, ಹಿಂದಿನಿಂದ ಒತ್ತುವುದು ಮಾಡಬಾರದು. ಕಲಾವಿದರಿಗೆ ಫೋನ್ ಮಾಡಿ. ಹಳೆಯ ಕಟ್ಟಡದ ಹೊರಗೋಡೆಗೆ ಆನಿಸಿ ಇಡುವುದೂ ಬೇಡ, ಅಲ್ಲಿ ತೇವ ಇರುತ್ತದೆ.

ತೀರ್ಪು

ಹುಬ್ಬಳ್ಳಿ ಧಾರವಾಡ, ಗದಗಿನ ಚಿತ್ರಕಲಾವಲಯದಲ್ಲಿ ಎಲ್ಲರೂ ಯಾರದೋ ಶಿಷ್ಯರು. ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ, ಟಿ.ಪಿ. ಅಕ್ಕಿಯವರು ಗದಗಿನ ವಿಜಯ ಕಲಾ ಮಂದಿರದಲ್ಲಿ ಬೆಳೆಸಿದ ಗುರುಪರಂಪರೆ ನಮ್ಮ ಹೆಮ್ಮೆ. ಆ ಪ್ರೀತಿಯೇ ತೀರ್ಪಿನ ಕೋಣೆಯಲ್ಲಿ ತೊಡಕಾಗಬಾರದು. ಮೂವರು ತೀರ್ಪುಗಾರರಲ್ಲಿ ಇಬ್ಬರಾದರೂ ಹೊರಜಿಲ್ಲೆಯವರಿರಲಿ. ತಮ್ಮ ಹಾಲಿ ವಿದ್ಯಾರ್ಥಿಯ ಚಿತ್ರ ಬಂದಾಗ ತೀರ್ಪುಗಾರರು ಮತ ಹಾಕಬಾರದು, ಅದನ್ನು ನಡಾವಳಿಯಲ್ಲಿ ಬರೆಯಬೇಕು.

ನೂರಕ್ಕೆ ಅಂಕ ಕೊಟ್ಟು ಕೂಡಿಸುವ ಪದ್ಧತಿ ಬಿಡಿ. ಒಬ್ಬರು 40ರಿಂದ 95ರವರೆಗೆ ಅಂಕ ಹರಡುತ್ತಾರೆ, ಇನ್ನೊಬ್ಬರು ಎಲ್ಲರಿಗೂ 65ರಿಂದ 75ರೊಳಗೆ ಕೊಡುತ್ತಾರೆ. ಕೂಡಿಸಿದಾಗ ಮೊದಲಿನವರ ಮಾತೇ ನಡೆಯುತ್ತದೆ, ಎರಡನೆಯವರು ಬಂದೂ ಬರದಂತೆ. ಮೊದಲು ಪ್ರತಿ ಚಿತ್ರಕ್ಕೆ ಹೌದು ಅಥವಾ ಇಲ್ಲ, ಚೀಟಿಯಲ್ಲಿ, ಮಾತಿಲ್ಲದೆ. ಎರಡು ಹೌದು ಬಂದದ್ದು ಮುಂದಕ್ಕೆ. ಕೊನೆಗೆ ಉಳಿದ 8 ಅಥವಾ 10ರಲ್ಲಿ ಪ್ರತಿಯೊಬ್ಬರೂ ತಮ್ಮ 5 ಚಿತ್ರಗಳನ್ನು ಕ್ರಮವಾಗಿ ಬರೆಯಲಿ. ಚರ್ಚೆ ಆಮೇಲೆ. ಮೊದಲೇ ಚರ್ಚೆ ಶುರುವಾದರೆ ಹಿರಿಯರು ಬಾಯಿಬಿಟ್ಟ ಕೂಡಲೇ ಉಳಿದಿಬ್ಬರು ಮೌನವಾಗುತ್ತಾರೆ.

40 ಚಿತ್ರಗಳಿಗೆ 3 ಗಂಟೆ ಬೇಕು. ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ, ಕೊನೆಯ ಹತ್ತನ್ನು ಪ್ರದರ್ಶನದ ದೀಪದಡಿ ಮತ್ತೊಮ್ಮೆ ನೋಡಿ. ಕಿಟಕಿಯ ಬೆಳಕಿನಲ್ಲಿ ಜೀವಂತವಿದ್ದ ಚರ್ಮದ ಹಸಿರು ಛಾಯೆ ಅಗ್ಗದ ಎಲ್‌ಇಡಿ ಕೆಳಗೆ ಕಾಯಿಲೆಯಂತೆ ಕಾಣಬಹುದು. ಅದು ದೀಪದ ದೋಷ, ಚಿತ್ರಕಾರರದ್ದಲ್ಲ.

ಗೋಡೆ, ಮೊಳೆ, ದೀಪ

ಮೊದಲು ಉದ್ದದ ಲೆಕ್ಕ. 40 ಚಿತ್ರ, ಸರಾಸರಿ ಅಗಲ ಎರಡೂವರೆ ಅಡಿ, ನಡುವಿನ ಅಂತರ ಒಂದೂವರೆ ಅಡಿ: ಒಂದಕ್ಕೆ 4 ಅಡಿಯಂತೆ 160 ಅಡಿ ಗೋಡೆ ಬೇಕು. ಬಾಗಿಲು ಕಿಟಕಿ ಕಳೆದು ಅಷ್ಟು ಉಳಿಯುವ ಸಭಾಭವನ ಕಡಿಮೆ. ಮೊಳೆ ಹೊಡೆಯಲು ಬಿಡುವುದಿಲ್ಲ, ಹೊಡೆದರೂ ಹಳೆಯ ಗಾರೆ ಗೋಡೆ ಹಿಡಿಯುವುದಿಲ್ಲ. 8×4 ಅಡಿಯ ಪ್ಲೈವುಡ್ ಫಲಕಗಳನ್ನು ಎರಡೂ ಬದಿ ಬಳಸಿದರೆ 20 ಫಲಕ ಸಾಕು. ಮೇಲೆ ಶಾಮಿಯಾನದ ಕೆಂಪು ಹಳದಿ ಬಟ್ಟೆ ಬೇಡ, ಪಕ್ಕದ ಚರ್ಮದ ಬಣ್ಣವೆಲ್ಲ ಕೆಡುತ್ತದೆ; ತಿಳಿ ಬೂದು ಬಣ್ಣದ ಕಾಟನ್ ಹಾಕಿ. ಎದುರು ಬದುರು ಫಲಕಗಳ ನಡುವೆ 10 ಅಡಿ ಇರಲಿ, ಹಿಂದೆ ಸರಿದು ನೋಡಲು ಜಾಗ ಬೇಕು.

ತೂಗುಹಾಕುವ ಎತ್ತರ: ಚಿತ್ರದ ನಡುಬಿಂದು ನೆಲದಿಂದ 57 ಇಂಚು. ಮೊಳೆಯ ಜಾಗ ಹೀಗೆ ಹುಡುಕಿ: 57ಕ್ಕೆ ಚಿತ್ರದ ಎತ್ತರದ ಅರ್ಧ ಕೂಡಿಸಿ, ಎಳೆದು ಹಿಡಿದ ತಂತಿ ಮೇಲಂಚಿನಿಂದ ಎಷ್ಟು ಕೆಳಗಿದೆಯೋ ಅಷ್ಟು ಕಳೆಯಿರಿ. 36 ಇಂಚಿನ ಚಿತ್ರ, ತಂತಿ 4 ಇಂಚು ಕೆಳಗೆ ಎಂದರೆ 57+18−4, ಅಂದರೆ 71 ಇಂಚು. ಭಾವಚಿತ್ರವೆಂದು ಎಲ್ಲರ ಕಣ್ಣುಗಳನ್ನು ಒಂದೇ ಗೆರೆಗೆ ತರಲು ಹೋದರೆ ಚೌಕಟ್ಟುಗಳು ಮೇಲೆ ಕೆಳಗೆ ಕುಣಿಯುತ್ತವೆ. ನಡುಬಿಂದುವನ್ನೇ ನೆಚ್ಚಿಕೊಳ್ಳಿ. ಕೊಕ್ಕೆಗಳು ಮೇಲಿನಿಂದ ಮೂರನೇ ಒಂದು ಭಾಗ ಕೆಳಗೆ, ತಂತಿ ಲೋಹದ್ದು, ಮೊಳೆ ಎರಡು. ಸುತಳಿ ಹಿಗ್ಗಿ ಚಿತ್ರ ಕೆಳಗಿಳಿಯುತ್ತದೆ, ಒಂದೇ ಮೊಳೆಯಾದರೆ ಓರೆಯಾಗುತ್ತದೆ.

ಸಾಲು ಜೋಡಿಸುವಾಗ ನೋಟದ ದಿಕ್ಕು ಗಮನಿಸಿ. ಸಾಲಿನ ಎಡತುದಿಯಲ್ಲಿರುವವರು ಬಲಕ್ಕೆ, ಬಲತುದಿಯವರು ಎಡಕ್ಕೆ ನೋಡುತ್ತಿದ್ದರೆ ನೋಡುಗನ ಕಣ್ಣು ಸಾಲಿನೊಳಗೇ ಓಡಾಡುತ್ತದೆ. ಅಬ್ಬರದ ಬಣ್ಣದ ಪಕ್ಕ ಮೆಲುದನಿಯ ಜಲವರ್ಣ ಇಟ್ಟರೆ ಜಲವರ್ಣ ಸತ್ತಂತೆ. ಅವಕ್ಕೆ ಬೇರೆ ಫಲಕ, ಕಿಟಕಿಯಿಂದ ದೂರ, ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಬೆಳಕು. ತೈಲವರ್ಣಕ್ಕೆ 200 ಲಕ್ಸ್ ಆಗಬಹುದು. ದೀಪದ ಬಣ್ಣನಿಷ್ಠೆಯ ಸೂಚ್ಯಂಕ (CRI) 90ಕ್ಕಿಂತ ಮೇಲಿರಲಿ, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಬೆಳಕು ಲಂಬದಿಂದ 30 ಡಿಗ್ರಿ ಓರೆಯಲ್ಲಿ ಬೀಳಬೇಕು. ಅದಕ್ಕಿಂತ ಹೆಚ್ಚು ಎದುರಿನಿಂದ ಬಿದ್ದರೆ ಕಪ್ಪು ಹಿನ್ನೆಲೆಯ ತೈಲಚಿತ್ರ ಕನ್ನಡಿಯಂತೆ ಹೊಳೆಯುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ದೀಪ ಎಳೆಯುತ್ತದೆ ಎಂದು ಹಿಂದಿನ ದಿನವೇ ಹಚ್ಚಿ ನೋಡಿ.

ಹೆಸರಿನ ಚೀಟಿ 3×5 ಇಂಚು, ಚಿತ್ರದ ಬಲಕ್ಕೆ. ಕೂತವರ ಹೆಸರು ಮತ್ತು ಕಸುಬು, ಕಲಾವಿದರ ಹೆಸರು ಮತ್ತು ಊರು, ಮಾಧ್ಯಮ, ಅಳತೆ, ವರ್ಷ. ನುಡಿ ತಂತ್ರಾಂಶದ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ಕರಡನ್ನು ಕಲಾವಿದರಿಗೆ ಕಳಿಸಿ ಹೆಸರು ಒಪ್ಪಿಸಿಕೊಂಡ ಮೇಲೆಯೇ ಮುದ್ರಿಸಿ.

ಪ್ರದರ್ಶನದ ದಿನಗಳು

ಉದ್ಘಾಟನೆ ಅಂಗಳದಲ್ಲಿರಲಿ. ಪ್ರದರ್ಶನದ ಕೋಣೆಯಲ್ಲೇ ಸಭೆ ಮಾಡಿದರೆ ಕುರ್ಚಿಗಳ ಬೆನ್ನು ಚಿತ್ರಕ್ಕೆ ಉಜ್ಜುತ್ತದೆ, ದೀಪದ ಹೊಗೆ ಏಳುತ್ತದೆ, ಬಂದವರು ಭಾಷಣ ಕೇಳಿ ಚಿತ್ರ ನೋಡದೆ ಹೋಗುತ್ತಾರೆ. ಅಂದು ಕೂತವರನ್ನು ಮನೆಮಂದಿಯ ಸಮೇತ ಕರೆಯಿರಿ, ದೂರದವರಿಗೆ ಬಸ್ ಖರ್ಚು ಕೊಡಿ. ತನ್ನ ಚಿತ್ರದ ಪಕ್ಕ ಆ ಮನುಷ್ಯ ನಿಂತಾಗ ಹೋಲಿಕೆಯ ಚರ್ಚೆ ಜನರೇ ಶುರುಮಾಡುತ್ತಾರೆ. "ಹುಬ್ಬು ನಮ್ಮವ್ವಂದ, ತುಟಿ ಅಲ್ಲ" ಎಂದು ಮಗಳು ಹೇಳುವ ಮಾತಿನಲ್ಲಿ ಕಲಾವಿದರಿಗೆ ಕಲಿಯಲು ಬಹಳ ಇರುತ್ತದೆ.

ಫಲಕದಿಂದ 2 ಅಡಿ ದೂರಕ್ಕೆ ನೆಲದ ಮೇಲೆ ಪಟ್ಟಿ ಅಂಟಿಸಿ. ಮಕ್ಕಳ ಬೆರಳಿಗಿಂತ ಹೆಚ್ಚಿನ ಅಪಾಯ ಸೆಲ್ಫಿಯದು: ಬೆನ್ನು ತಿರುಗಿಸಿ ನಿಂತವರು ಹಿಂದೆ ಹಿಂದೆ ಸರಿಯುತ್ತಾರೆ, ಹೆಗಲಚೀಲ ಕ್ಯಾನ್ವಾಸಿಗೆ ತಾಗುತ್ತದೆ. ಚೀಲಗಳನ್ನು ಬಾಗಿಲಲ್ಲೇ ಇಡಿಸಿ. ಪ್ರತಿ ಹೊತ್ತಿಗೆ 4 ಸ್ವಯಂಸೇವಕರು, ರಾತ್ರಿಗೆ ಒಬ್ಬ ಕಾವಲುಗಾರ. ಸಂಜೆ ದೀಪಕ್ಕೆ ಹುಳ ಬರುತ್ತವೆ, ಕಿಟಕಿ ಮುಚ್ಚಿ; ಕಸವನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ, ಪೊರಕೆ ಬೇಡ.

ಜನರ ಮೆಚ್ಚುಗೆಯ ಬಹುಮಾನವೂ ಇರಲಿ. ಬಾಗಿಲಲ್ಲಿ ಮುದ್ರೆ ಒತ್ತಿದ ಚೀಟಿ, ಒಬ್ಬರಿಗೆ ಒಂದು, ಬೀಗ ಹಾಕಿದ ಪೆಟ್ಟಿಗೆ. ಆದರೆ ತೀರ್ಪುಗಾರರ "ಪ್ರಥಮ" ಪಟ್ಟಿಯನ್ನು ಮೊದಲ ದಿನವೇ ಚೌಕಟ್ಟಿಗೆ ಅಂಟಿಸಿದರೆ ಜನರ ಮತವೂ ಅದರ ಹಿಂದೆಯೇ ಹೋಗುತ್ತದೆ. ಮತದಾನ ಮುಚ್ಚಿ, ಎಣಿಸಿ, ಆಮೇಲೆ ಎರಡೂ ಫಲಿತಾಂಶ ಒಟ್ಟಿಗೆ ಹೇಳಿ. ಅದಾದ ಮೇಲೂ ಎರಡು ದಿನ ಪ್ರದರ್ಶನ ತೆರೆದಿರಲಿ. ಗೆದ್ದ ಚಿತ್ರ ಯಾವುದೆಂದು ತಿಳಿದು ನೋಡಲು ಬರುವವರು ಬೇರೆಯೇ ಇರುತ್ತಾರೆ.

ಮರಳಿಸುವುದು

ಬಂದ ಸುತ್ತಿನಲ್ಲೇ ಹೋಗಬೇಕು, ಹಾಗಾಗಿ ರಟ್ಟು, ಬಟರ್ ಪೇಪರ್‌ಗಳ ಮೇಲೂ ಕ್ರಮಸಂಖ್ಯೆ ಬರೆದು ಎತ್ತಿಟ್ಟಿರಬೇಕು. ಪಾವತಿ ಮತ್ತು ಸ್ವೀಕಾರದ ದಿನದ ಫೋಟೋ ಎದುರಿಗಿಟ್ಟು ಕಲಾವಿದರಿಗೆ ಚಿತ್ರ ತೋರಿಸಿ ಸಹಿ ಪಡೆಯಿರಿ. ಹಾನಿಯಾಗಿದ್ದರೆ ಅಲ್ಲೇ ಬರೆದುಕೊಟ್ಟು ದುರಸ್ತಿಯ ಖರ್ಚು ಒಪ್ಪಿಕೊಳ್ಳಿ. ಒಯ್ಯಲು 30 ದಿನದ ಗಡುವು ನಿಯಮದಲ್ಲೇ ಇರಲಿ, ಗಡುವಿಗೆ ಮುಂಚೆ ಎರಡು ಸಲವಾದರೂ ಫೋನ್ ಮಾಡಿ. ತಾವೇ ಬರಲಾಗದವರು ಬೇರೆಯವರನ್ನು ಕಳಿಸಿದರೆ ಸಹಿ ಮಾಡಿದ ಪತ್ರವೂ ಮೂಲ ಪಾವತಿಯೂ ಎರಡೂ ಬೇಕು. ಪಾವತಿ ಕಳೆದಿದ್ದರೆ ನೋಂದಾಯಿಸಿದ ನಂಬರಿಗೆ ಕರೆಮಾಡಿ ಖಚಿತಪಡಿಸಿಕೊಳ್ಳದೆ ಚಿತ್ರ ಕೈಗೆ ಕೊಡಬೇಡಿ.